ವಾದ್ಯದಾನ: ಲಾಹೋರಿನಿಂದ ಗದಗಿನವರೆಗೆ

ಮೂರು ವರ್ಷಗಳ ಹಿಂದೆ ನಮ್ಮ ಸಂಘದ ಕೆಲವು ಸದಸ್ಯರು ಸೇರಿ ಇಲ್ಲಿಯ ಒಂದು ಕನ್ನಡ ಶಾಲೆಗೆ ಸಂಗೀತದ ವಾದ್ಯಗಳನ್ನು ಕೂಡಿಸಿ ಕೊಟ್ಟೆವು. ಒಂದು ಹಾರ್ಮೋನಿಯಂ, ಒಂದು ಜೊತೆ ತಬಲಾ, ಒಂದು ತಂಬೂರಿ, ಆರು ಜೊತೆ ತಾಳ. ಎಲ್ಲವೂ ಸದಸ್ಯರ ಮನೆಯಲ್ಲಿ ಅಟ್ಟ ಸೇರಿದ್ದ ವಸ್ತುಗಳೇ. ನಾಲ್ಕು ಭಾನುವಾರ ಮನೆಮನೆ ತಿರುಗಿ ತಂದದ್ದಾಯಿತು, ಒಂದು ಶನಿವಾರ ಶಾಲೆಯಲ್ಲಿ ಹಾರ ತುರಾಯಿಗಳ ಸಮಾರಂಭವೂ ಆಯಿತು.

ಹಾರ್ಮೋನಿಯಂ ಕೊಟ್ಟವರು ಗದಗಿನ ಕಡೆಯ ಒಬ್ಬ ವೃದ್ಧೆ. ಅದು ಅವರ ಯಜಮಾನರದು. ಶ್ರಾವಣದ ಭಜನೆಗಳಲ್ಲಿ ಅವರು ಅದನ್ನು ನುಡಿಸುತ್ತಿದ್ದುದನ್ನು ಹಳೆಯ ಸದಸ್ಯರು ಬಲ್ಲರು. ಪೆಟ್ಟಿಗೆಯನ್ನು ಕೈಗೆ ಕೊಡುವಾಗ ಆ ತಾಯಿ ಒಂದೇ ಮಾತು ಹೇಳಿದರು: "ಪುಟ್ಟರಾಜ ಅಜ್ಜಾರ ತುಲಾಭಾರಕ್ಕ ಸಣ್ಣಾಕಿ ಇದ್ದಾಗ ನಾನೂ ನಾಕಾಣೆ ಹಾಕೀನ್ರೀ. ಇದೂ ಹಂಗ ಅಂತ ತಿಳೀರಿ. ಪೇಟಿ ಮಾತ್ರ ನುಡೀಬೇಕು."

ಹೋದ ವರ್ಷ ಅವರು ಸಂಘದ ಕಾರ್ಯಕ್ರಮಕ್ಕೆ ಬಂದಾಗ, "ಪೇಟಿ ನುಡಸ್ತಾರೇನ್ರೀ ಹುಡುಗ್ರು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನವೇ ಶಾಲೆಗೆ ಹೋದೆ. ಹಾರ್ಮೋನಿಯಂ ಕಬ್ಬಿಣದ ಕಪಾಟಿನೊಳಗೆ ಬೀಗದಲ್ಲಿತ್ತು. ತಿದಿಯ ಚರ್ಮವನ್ನು ಒಂದು ಮೂಲೆಯಲ್ಲಿ ಇಲಿ ಕಡಿದಿತ್ತು. ತಬಲಾದ ಬಲಗೈ ವಾದ್ಯ ಒಡೆದಿತ್ತು. ತಂಬೂರಿಗೆ ತಂತಿಗಳಿರಲಿಲ್ಲ. ವಾದ್ಯಗಳೆಲ್ಲವೂ ಡೆಡ್‌ಸ್ಟಾಕ್ ರಿಜಿಸ್ಟರಿನಲ್ಲಿ ಮಾತ್ರ ಅಚ್ಚುಕಟ್ಟಾಗಿ ದಾಖಲಾಗಿದ್ದವು.

ಯಾರನ್ನೂ ದೂರುವ ಉದ್ದೇಶ ನನಗಿಲ್ಲ. ಆದರೆ ಆ ದಿನ ಒಂದು ಪ್ರಶ್ನೆ ತಲೆಗೆ ಹೊಕ್ಕಿತು. ಜನರು ಕೊಟ್ಟ ವಾದ್ಯಗಳಿಂದ, ಜನರು ಹಾಕಿದ ಕಾಸಿನಿಂದ ನಮ್ಮಲ್ಲಿ ಸಂಗೀತಶಾಲೆಗಳು ನಡೆದದ್ದುಂಟಲ್ಲ, ಅವು ಹೇಗೆ ನಡೆದವು? ಒಂದು ಮುಚ್ಚಿಹೋಯಿತು, ಇನ್ನೊಂದು ಬದುಕಿತು. ಏಕೆ? ಆ ಚರಿತ್ರೆಯನ್ನು ಬಿಡುವಾದಾಗಲೆಲ್ಲ ಓದಿ ತಿಳಿದುಕೊಂಡದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ಅರಮನೆಯಿಂದ ಬೀದಿಗೆ

ನೂರೈವತ್ತು ವರ್ಷಗಳ ಹಿಂದೆ ಒಬ್ಬ ಬಡವನ ಮಗುವಿಗೆ ತಂಬೂರಿಯನ್ನು ಮುಟ್ಟುವ ಅವಕಾಶ ಸುಲಭವಾಗಿ ಸಿಗುತ್ತಿರಲಿಲ್ಲ. ವಾದ್ಯ ಗಾಯಕನ ಮನೆಯಲ್ಲಿರುತ್ತಿತ್ತು, ಗಾಯಕ ಸಂಸ್ಥಾನಿಕನ ಆಶ್ರಯದಲ್ಲಿರುತ್ತಿದ್ದ. ವಿದ್ಯೆ ತಂದೆಯಿಂದ ಮಗನಿಗೆ, ಇಲ್ಲವೆ ವರ್ಷಗಟ್ಟಲೆ ಸೇವೆ ಮಾಡಿದ ಶಿಷ್ಯನಿಗೆ ಹೋಗುತ್ತಿತ್ತು. ಮಳೆ ಬಂದರೆ ತಬಲಾ ಸಡಿಲವಾಗುತ್ತದೆ, ಬಿಸಿಲು ಬಂದರೆ ಬಿಗಿಯುತ್ತದೆ ಎಂಬಂಥ ಸಣ್ಣ ತಿಳಿವಳಿಕೆ ಕೂಡ ಆ ಮನೆಗಳ ಒಳಗಿನ ಸೊತ್ತು.

ಈ ಕಟ್ಟನ್ನು ಸಡಿಲಿಸಿದವರಲ್ಲಿ ಮೊದಲಿಗರು ಪಂಡಿತ ವಿಷ್ಣು ದಿಗಂಬರ ಪಲುಸ್ಕರರು. ಇವರು ಹುಟ್ಟಿದ್ದು 1872ರಲ್ಲಿ, ನಮ್ಮ ಬೆಳಗಾವಿ ಸೀಮೆಗೆ ತಾಗಿಕೊಂಡಂತಿರುವ ಕುರುಂದವಾಡದಲ್ಲಿ. ಬಾಲ್ಯದಲ್ಲಿ ದತ್ತಜಯಂತಿಯ ಸಮಯದಲ್ಲಿ ಪಟಾಕಿ ಸಿಡಿದು ಕಣ್ಣಿನ ದೃಷ್ಟಿ ಬಹಳಷ್ಟು ಕೆಟ್ಟಿತು. ಶಾಲೆಯ ಓದು ಮುಂದುವರಿಯುವಂತಿರಲಿಲ್ಲ. ಮಿರಜಿಗೆ ಹೋಗಿ ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ ಹಾಡುಗಾರಿಕೆ ಕಲಿತರು. 1896ರಲ್ಲಿ ಮಿರಜನ್ನು ಬಿಟ್ಟು ಹೊರಟವರು ಸಂಸ್ಥಾನದಿಂದ ಸಂಸ್ಥಾನಕ್ಕೆ ತಿರುಗುತ್ತ ಉತ್ತರಕ್ಕೆ ಸಾಗಿದರು. ದಾರಿಯಲ್ಲಿ ರಾಜಕೋಟೆಯಲ್ಲಿ ಟಿಕೆಟ್ ಇಟ್ಟು ಸಾರ್ವಜನಿಕ ಕಚೇರಿ ಮಾಡಿದರು. ದರ್ಬಾರಿನಲ್ಲಿ ಹಾಡಿ ಶಾಲು ಹೊದೆಸಿಕೊಳ್ಳುವ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಪೇಟೆಯ ಸಾಮಾನ್ಯ ಮನುಷ್ಯ ನಾಲ್ಕು ಕಾಸು ಕೊಟ್ಟು ರಾಜನ ಬದಿಯಲ್ಲಿ ಕೂತು ಕೇಳಬಹುದೆಂಬ ಮಾತು ಅಲ್ಲಿಂದ ಸುರುವಾಯಿತು.

1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆಯಿತು. ಅದು ಯಾವ ರಾಜನ ಶಾಲೆಯೂ ಅಲ್ಲ. ಚಂದಾ, ಶುಲ್ಕ, ಕಚೇರಿಗಳ ಸಂಭಾವನೆ, ಇವುಗಳ ಮೇಲೆ ನಡೆಯಬೇಕಾದ ಶಾಲೆ. ಮೊದಲ ದಿನಗಳಲ್ಲಿ ಒಬ್ಬ ವಿದ್ಯಾರ್ಥಿಯೂ ಬರಲಿಲ್ಲವೆಂದೂ, ಪಂಡಿತರು ತಂಬೂರಿ ಶ್ರುತಿ ಮಾಡಿಕೊಂಡು ಒಬ್ಬರೇ ಕೂತಿರುತ್ತಿದ್ದರೆಂದೂ ಅವರ ಶಿಷ್ಯಪರಂಪರೆಯಲ್ಲಿ ಹೇಳುವುದುಂಟು. ಆಮೇಲೆ ಮಕ್ಕಳು ಬಂದರು, ಹೆಂಗಸರೂ ಬಂದರು. ಸಂಗೀತವನ್ನು ವೃತ್ತಿಯಾಗಿ ಹಿಡಿಯುತ್ತೇವೆಂದು ಒಂಬತ್ತು ವರ್ಷಗಳ ಕರಾರು ಬರೆದುಕೊಟ್ಟವರಿಗೆ ಊಟ, ವಸತಿ, ಪಾಠ ಎಲ್ಲವೂ ಉಚಿತ. ಓಂಕಾರನಾಥ ಠಾಕೂರ್, ವಿನಾಯಕರಾವ ಪಟವರ್ಧನ, ನಾರಾಯಣರಾವ ವ್ಯಾಸ ಮುಂತಾದವರು ತಯಾರಾದದ್ದು ಇವರ ಗರಡಿಯಲ್ಲಿ.

1908ರಲ್ಲಿ ಮುಂಬಯಿಯಲ್ಲಿ ಶಾಖೆ ತೆರೆಯಿತು. ಇಲ್ಲಿ ಪಂಡಿತರ ದೂರದೃಷ್ಟಿಯನ್ನು ಗಮನಿಸಬೇಕು. ಪಾಠದ ಪುಸ್ತಕಗಳಿಗಾಗಿ ಅವರು ಸ್ವಂತ ಛಾಪಖಾನೆ ಇಟ್ಟರು, ವಾದ್ಯಗಳನ್ನು ತಯಾರಿಸಲು ಮತ್ತು ರಿಪೇರಿ ಮಾಡಲು ಕಾರ್ಖಾನೆಯನ್ನೂ ಇಟ್ಟರು. ನೂರಾರು ಎಳೆಯ ಕೈಗಳು ದಿನವೂ ಮುಟ್ಟುವ ವಾದ್ಯ ದಿನವೂ ಕೆಡುತ್ತದೆ, ಅದನ್ನು ಸರಿಮಾಡುವವನು ಅಂಗಳದಲ್ಲೇ ಇರಬೇಕು ಎಂಬ ವ್ಯವಹಾರಜ್ಞಾನ ಅವರಿಗಿತ್ತು.

ಆದರೆ ಆ ಶಾಲೆ ಉಳಿಯಲಿಲ್ಲ. ಸ್ಯಾಂಡ್‌ಹರ್ಸ್ಟ್ ರಸ್ತೆಯಲ್ಲಿ ದೊಡ್ಡ ಸ್ವಂತ ಕಟ್ಟಡ ಎದ್ದಿತು. ಕಟ್ಟಡಕ್ಕೆ ಸಾಲವಾಯಿತು. ಸಾಲದ ಬಡ್ಡಿ ತೀರಿಸಲು ಪಂಡಿತರು ಊರೂರು ಸುತ್ತಿ ಹಾಡಿದರು. ಅವರು ಊರಲ್ಲಿಲ್ಲದಾಗ ಶಾಲೆ ಸೊರಗಿತು, ಶಾಲೆ ಸೊರಗಿದಾಗ ಸಾಲ ಬೆಳೆಯಿತು. ಕೊನೆಗೆ 1924ರಲ್ಲಿ ಕಟ್ಟಡ ಹರಾಜಾಯಿತು. ಪಂಡಿತರು ನಾಸಿಕಕ್ಕೆ ಹೋಗಿ ರಾಮನಾಮದಲ್ಲಿ ನಿಂತರು. 1931ರಲ್ಲಿ ತೀರಿಕೊಂಡರು.

ಕಟ್ಟಡ ಹೋಯಿತು, ವಿದ್ಯೆ ಉಳಿಯಿತು. ಅದೇ 1931ರಲ್ಲಿ ಅವರ ಶಿಷ್ಯರು ಕೂಡಿ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲ ಸ್ಥಾಪಿಸಿದರು. ಇಂದು ನಮ್ಮ ಮನೆಗಳ ಮಕ್ಕಳು ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ ಎಂದು ಕಟ್ಟುವ ಪರೀಕ್ಷೆಗಳು ಅದೇ ಮಂಡಲದವು. ಆದರೂ ಹರಾಜಿನ ಪಾಠವನ್ನು ಮರೆಯಬಾರದು. ಕಟ್ಟಡಕ್ಕೆ ಒಮ್ಮೆ ದೊಡ್ಡ ಹಣ ಸಿಗುತ್ತದೆ. ನಿತ್ಯದ ಎಣ್ಣೆ ಬತ್ತಿಗೆ ಸಿಗುವುದಿಲ್ಲ.

ಕಣ್ಣಿಲ್ಲದ ಹುಡುಗನ ಶಾಲೆ

ಪಲುಸ್ಕರರ ಶಾಲೆ ಮುಂಬಯಿಗೆ ಬಂದ ಕಾಲಕ್ಕೆ, ಧಾರವಾಡ ಜಿಲ್ಲೆಯ ಹಾನಗಲ್ಲ ಸೀಮೆಯ ಒಬ್ಬ ಯುವಕ ಸಂಗೀತಾಭ್ಯಾಸದಲ್ಲಿದ್ದ. ಹುಟ್ಟಿದ್ದು 1892ರಲ್ಲಿ, ಈಗ ಹಾವೇರಿ ಜಿಲ್ಲೆಗೆ ಸೇರಿದ ಕಾಡಶೆಟ್ಟಿಹಳ್ಳಿಯಲ್ಲಿ. ಹೆಸರು ಗದಿಗೆಯ್ಯ. ಹುಟ್ಟುಗುರುಡ. ಅವನ ಅಣ್ಣನಿಗೂ ಕಣ್ಣಿರಲಿಲ್ಲ. ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳೆಂದು ಕನ್ನಡ ನಾಡೆಲ್ಲ ಕೈಮುಗಿದದ್ದು ಈ ಗದಿಗೆಯ್ಯನಿಗೇ.

ಆ ದಿನಗಳಲ್ಲಿ ಹಳ್ಳಿಯ ಬಡ ಮನೆಯಲ್ಲಿ ಕುರುಡು ಮಗು ಹುಟ್ಟಿದರೆ ಅದರ ಮುಂದಿನ ದಾರಿ ಭಿಕ್ಷೆಯೇ. ಈ ಹುಡುಗನ ದನಿಯನ್ನು ಗುರುತಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು. ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ 1909ರಲ್ಲಿ ಶಿವಯೋಗ ಮಂದಿರ ಸ್ಥಾಪಿಸಿದ ಮಹನೀಯರು ಇವರೇ. ಇವರ ಆಶ್ರಯದಲ್ಲಿ ಹುಡುಗ ಮೈಸೂರಿನ ಕಡೆಗೆ ಹೋಗಿ ಕರ್ನಾಟಕ ಸಂಗೀತ ಕಲಿತ. ಬಳಿಕ ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ವಹೀದ್ ಖಾನರಿಂದ ಹಿಂದುಸ್ತಾನಿ ವಿದ್ಯೆಯೂ ದೊರೆಯಿತು. ಎರಡೂ ಪದ್ಧತಿಗಳನ್ನು ಪಳಗಿಸಿಕೊಂಡ ಮೇಲೆ ಅವರು ಕೈಗೊಂಡ ವ್ರತ ಒಂದೇ: ತನ್ನಂಥ ಕಣ್ಣಿಲ್ಲದ ಮಕ್ಕಳಿಗೂ ಗತಿಯಿಲ್ಲದ ಮಕ್ಕಳಿಗೂ ಸಂಗೀತವನ್ನು ಕಲಿಸಿ, ಅವರು ತಮ್ಮ ಅನ್ನ ತಾವೇ ಗಳಿಸುವಂತೆ ಮಾಡುವುದು.

ಆ ಶಾಲೆಗೆ ಬಹುಕಾಲ ಸ್ವಂತ ಸೂರಿರಲಿಲ್ಲ. ಅದು ಸಂಚಾರಿ ಪಾಠಶಾಲೆ. ಗುರುಗಳು, ಮಕ್ಕಳು, ವಾದ್ಯಗಳು, ಅಡಿಗೆಯ ಪಾತ್ರೆಗಳು, ಎಲ್ಲವೂ ಒಂದೂರಿನಿಂದ ಇನ್ನೊಂದೂರಿಗೆ. ಮಠದಲ್ಲೋ ಗುಡಿಯಲ್ಲೋ ಬಿಡಾರ. ಬೆಳಿಗ್ಗೆ ಪಾಠ, ಸಂಜೆ ಊರವರ ಮುಂದೆ ಹಾಡು, ಊರವರು ಕೊಟ್ಟ ಜೋಳದಿಂದ ಮರುದಿನದ ರೊಟ್ಟಿ. ಬರಗಾಲ ಬಂದರೆ ಮಕ್ಕಳ ಹೊಟ್ಟೆಗೂ ಬರ. ಈ ಸಂಸಾರಕ್ಕೆ ಗದಗಿನಲ್ಲಿ ಆಸರೆ ಕೊಟ್ಟವರು ಬಸರಿಗಿಡದ ವೀರಪ್ಪನವರು. 1942ರಲ್ಲಿ ಅಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಗೊಂಡಿತು. ಎರಡೇ ವರ್ಷಗಳಲ್ಲಿ, 1944ರಲ್ಲಿ, ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದರು.

ಗುರು ಹೋದ ಮೇಲೆ ಸಂಸ್ಥೆ ಮುಳುಗುವುದು ನಮ್ಮಲ್ಲಿ ಸಾಮಾನ್ಯ. ಗದಗಿನಲ್ಲಿ ಹಾಗಾಗಲಿಲ್ಲ. ಅದಕ್ಕೆ ಕಾರಣ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು.

ಸೋದರಮಾವನ ಪೇಟಿ

ಪುಟ್ಟರಾಜರು ಹುಟ್ಟಿದ್ದು 1914ರಲ್ಲಿ, ಹಾವೇರಿಯ ಬಳಿಯ ದೇವಗಿರಿಯಲ್ಲಿ. ಎಳವೆಯಲ್ಲೇ ಕಣ್ಣು ಹೋಯಿತು, ತಂದೆತಾಯಿಗಳ ಆಸರೆಯೂ ತಪ್ಪಿತು. ಸಾಕಿದವರು ಸೋದರಮಾವ ಚಂದ್ರಶೇಖರಯ್ಯನವರು. ಈ ಮಾವ ಹಾರ್ಮೋನಿಯಂ ನುಡಿಸುವುದರಲ್ಲಿ ಗಟ್ಟಿಗರು. ಮಾವನ ಪೇಟಿಯ ಮೇಲೆ ಮಗು ತಾನೇ ಕೈಯಾಡಿಸತೊಡಗಿತು. ಅದನ್ನು ಕಂಡ ಮಾವ, "ಇದು ಮುರಿದೀತು, ದೂರ ಸರಿ" ಎನ್ನಲಿಲ್ಲ. ಮಗುವನ್ನು ಕರೆದುಕೊಂಡು ಹೋಗಿ ಪಂಚಾಕ್ಷರಿ ಗವಾಯಿಗಳ ಪಾದಕ್ಕೆ ಹಾಕಿದರು.

ಈ ಸಣ್ಣ ಸಂಗತಿಯ ಮುಂದೆ ನಾನು ಬಹಳ ಹೊತ್ತು ನಿಂತೆ. ಆ ಪೇಟಿ ಬೀಗದೊಳಗಿದ್ದರೆ? ಕಣ್ಣಿಲ್ಲದ ಮಗುವಿಗೆ ವಾದ್ಯವನ್ನು ತೋರಿಸುವ ಬೇರೆ ದಾರಿಯೇ ಇಲ್ಲ. ಅದು ಮುಟ್ಟಿಯೇ ನೋಡಬೇಕು.

ಮುಂದೆ ಆ ಹುಡುಗ ಹಾರ್ಮೋನಿಯಂ ಮಾತ್ರವಲ್ಲ, ತಬಲಾ, ಪಿಟೀಲು, ಸಾರಂಗಿ ಮೊದಲಾದ ಅನೇಕ ವಾದ್ಯಗಳನ್ನು ಕೈವಶ ಮಾಡಿಕೊಂಡ. 1944ರಲ್ಲಿ ಮೂವತ್ತನೆಯ ವಯಸ್ಸಿಗೆ ಆಶ್ರಮದ ಭಾರ ಅವರ ಹೆಗಲೇರಿತು. ಮಕ್ಕಳ ಊಟ ಬಟ್ಟೆಗೆ ಹಣ ಬೇಕು. ಪುಟ್ಟರಾಜರು ನಾಟಕ ಕಂಪನಿ ಕಟ್ಟಿದರು, ತಾವೇ ನಾಟಕಗಳನ್ನು ಬರೆದರು. ಪೆಂಡಾಲಿನಲ್ಲಿ ಬಂದ ಹಣ ಆಶ್ರಮದ ಅಡಿಗೆಮನೆಗೆ ಹೋಯಿತು. ಕಂಪನಿಯೂ ಒಂದು ಬಗೆಯ ಶಾಲೆಯೇ ಆಯಿತು. ರಾತ್ರಿಯೆಲ್ಲ ಪೇಟಿ ತಬಲಾಗಳ ಸಾಥಿ ಬೇಕಾಗುವ ಕಡೆ ಕಲಿತ ಹುಡುಗನಿಗೆ ಅಭ್ಯಾಸಕ್ಕೆ ಕೊರತೆಯೇನು?

ಇನ್ನೊಂದು ದಾರಿ ತುಲಾಭಾರ. ಭಕ್ತರು ಪುಟ್ಟರಾಜರನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ ಕೂಡಿಸಿ, ಇನ್ನೊಂದರಲ್ಲಿ ನಾಣ್ಯಗಳನ್ನು ತುಂಬುವರು. ಆ ಹಣ ಆಶ್ರಮದ ಮಕ್ಕಳಿಗೆ. ಅವರ ಜೀವಮಾನದಲ್ಲಿ ಇಂಥ ತುಲಾಭಾರಗಳ ಸಂಖ್ಯೆ ಸಾವಿರದ ಗಡಿಯನ್ನು ಎಂದೋ ದಾಟಿತ್ತು. ಲೆಕ್ಕದ ಮನುಷ್ಯನಾದ ನಾನು ಒಂದು ಲೆಕ್ಕ ಹಾಕಿ ನೋಡಿದೆ. 1992ರಲ್ಲಿ ಬಂದ ಉಕ್ಕಿನ ಒಂದು ರೂಪಾಯಿ ನಾಣ್ಯದ ತೂಕ ಐದು ಗ್ರಾಮಿಗೆ ಚೂರು ಕಡಿಮೆ. ಕೂತವರ ತೂಕ 60 ಕಿಲೊ ಎಂದು ಹಿಡಿದರೂ ತಕ್ಕಡಿ ಸಮವಾಗಲು 12 ಸಾವಿರಕ್ಕೂ ಹೆಚ್ಚು ನಾಣ್ಯ ಬೇಕು. 12 ಸಾವಿರ ರೂಪಾಯಿಯ ಒಂದು ಚೆಕ್ಕನ್ನು ಒಬ್ಬ ಸಾಹುಕಾರ ಬರೆಯಬಹುದು. ಆದರೆ ಅಷ್ಟು ಬಿಡಿ ನಾಣ್ಯ ಕೂಡಬೇಕಾದರೆ ಒಂದು ಊರೇ ಕೈಹಾಕಬೇಕು. ಹೀಗೆ ಹಾಕಿದವರಿಗೆಲ್ಲ ಆ ಶಾಲೆ ತಮ್ಮದೆಂಬ ಭಾವನೆ ಬರುತ್ತಿತ್ತು. ನಮ್ಮ ಆ ವೃದ್ಧೆ ಬಾಲ್ಯದಲ್ಲಿ ಹಾಕಿದ ನಾಲ್ಕಾಣೆಯನ್ನು ಇಂದಿಗೂ ಮರೆತಿಲ್ಲ, ಅದರ ಹಕ್ಕಿನಿಂದಲೇ ಅವರು ನನ್ನನ್ನು ಪ್ರಶ್ನೆ ಕೇಳಿದ್ದು.

ಈ ಶಾಲೆಯಿಂದ ಬಂದದ್ದೇನು? ಪಂಚಾಕ್ಷರಿ ಗವಾಯಿಗಳ ಕೈಯಲ್ಲಿ ತಯಾರಾದವರು ಬಸವರಾಜ ರಾಜಗುರುಗಳು, ಸಿದ್ಧರಾಮ ಜಂಬಲದಿನ್ನಿಯವರು. 1936ರಲ್ಲಿ ಹಂಪೆಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆದಾಗ ಯುವಕ ಬಸವರಾಜ ಅಲ್ಲಿ ಹಾಡಿದರು. ತಬಲಾಕ್ಕೆ ಕೂತವರು ಸ್ವತಃ ಗುರುಗಳು. ಶಿಷ್ಯನ ಮೊದಲ ದೊಡ್ಡ ಕಚೇರಿಗೆ ಗುರುವೇ ಪಕ್ಕವಾದ್ಯ ನುಡಿಸುವುದೆಂದರೆ ಅದಕ್ಕಿಂತ ದೊಡ್ಡ ಆಶೀರ್ವಾದ ಬೇರೊಂದಿಲ್ಲ. ಪುಟ್ಟರಾಜರ ಕಾಲದಲ್ಲಿ, ಬಳ್ಳಾರಿ ಕಡೆಯ ಲಕ್ಷ್ಮೀಪುರದ ಹುಡುಗನೊಬ್ಬ 1968ರಲ್ಲಿ ಆಶ್ರಮಕ್ಕೆ ಬಂದು ಹನ್ನೆರಡು ವರ್ಷ ಅಲ್ಲೇ ಕಲಿತ. ಅವರೇ ಪಂಡಿತ ಎಂ. ವೆಂಕಟೇಶಕುಮಾರ್. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗುರು ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂದಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಕಾಲವಾದರು. ಆಶ್ರಮ ನಡೆಯುತ್ತಲೇ ಇದೆ.

ಹೆಸರು ಗಳಿಸಿದವರು ಕೆಲವರು. ಹೆಸರಿಲ್ಲದೆ ಶಾಲೆಯಲ್ಲಿ ಸಂಗೀತ ಶಿಕ್ಷಕರಾಗಿ, ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರರಾಗಿ, ಪುರಾಣ ಪ್ರವಚನಗಳಿಗೆ ತಬಲಾ ನುಡಿಸುತ್ತ, ಸ್ವಂತ ದುಡಿಮೆಯ ಅನ್ನ ಉಂಡವರು ಉತ್ತರ ಕರ್ನಾಟಕದ ಊರೂರಿನಲ್ಲೂ ಸಿಗುತ್ತಾರೆ. ಪಂಚಾಕ್ಷರಿ ಗವಾಯಿಗಳ ವ್ರತ ನೆರವೇರಿದ್ದು ಇವರಲ್ಲಿ ಎಂದು ನನ್ನ ನಂಬಿಕೆ.

ವಾದ್ಯಕ್ಕೂ ಹಸಿವುಂಟು

ಇನ್ನು ವಾದ್ಯಗಳ ವಿಷಯ. ದಾನ ಕೊಡುವವರು ಇವುಗಳ ಗುಣವನ್ನೂ ಸ್ವಲ್ಪ ತಿಳಿದಿರಬೇಕು.

ಹಾರ್ಮೋನಿಯಂ ನಮ್ಮ ದೇಶದ್ದಲ್ಲ. ಪ್ಯಾರಿಸಿನ ಡೆಬೇನ್ ಎಂಬವನು 1842ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಕಾಲಿನಿಂದ ತುಳಿಯುವ ಆ ದೊಡ್ಡ ಪೆಟ್ಟಿಗೆಯನ್ನು, ನೆಲದ ಮೇಲೆ ಕೂತು ಒಂದು ಕೈಯಿಂದ ಗಾಳಿ ಹಾಕಿ ಇನ್ನೊಂದರಿಂದ ನುಡಿಸುವಂತೆ ಕಲಕತ್ತೆಯ ದ್ವಾರಕಾನಾಥ ಘೋಷರು ಮಾರ್ಪಡಿಸಿದರು. ಅದರ ಸ್ವರಗಳು ಕಟ್ಟಿಟ್ಟವು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು ಅದರಲ್ಲಿ ಬರುವುದಿಲ್ಲ, ಶ್ರುತಿಯ ಸೂಕ್ಷ್ಮಗಳೂ ಬರುವುದಿಲ್ಲ. ಈ ದೋಷದ ಕಾರಣ 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತು. 1971ರವರೆಗೂ ಆ ಬಾಗಿಲು ತೆರೆಯಲಿಲ್ಲ. ವಿದ್ವಾಂಸರ ಆಕ್ಷೇಪಣೆ ತಪ್ಪೇನಲ್ಲ. ಆದರೆ ಶಾಲೆಗೆ ಅದರಷ್ಟು ಒಪ್ಪುವ ವಾದ್ಯ ಇನ್ನೊಂದಿಲ್ಲ. ಮಗು ಒತ್ತಿದೊಡನೆ ಸ್ವರ ಬರುತ್ತದೆ. ಹತ್ತಿಪ್ಪತ್ತು ಮಕ್ಕಳ ಹಾಡಿಗೆ ಒಂದೇ ಪೇಟಿ ಸಾಕು. ಒಳಗೆ ಇರುವುದು ಹಿತ್ತಾಳೆಯ ಸಣ್ಣ ನಾಲಗೆಗಳು, ಗಾಳಿ ಹಾದಾಗ ಅವು ನಡುಗಿ ನುಡಿಯುತ್ತವೆ. ದೂಳು ಕೂತರೆ, ಮುಂಬಯಿಯ ಮಳೆಗಾಲದ ತೇವಕ್ಕೆ ಕಿಲುಬು ಹಿಡಿದರೆ ನಾಲಗೆ ಮೂಕವಾಗುತ್ತದೆ. ದಿನವೂ ಗಾಳಿಯಾಡುವ ಪೇಟಿ ಹೆಚ್ಚು ಕಾಲ ಬಾಳುತ್ತದೆ ಎಂದು ಕಸಬುದಾರರು ಹೇಳುತ್ತಾರೆ.

ತಬಲಾದ ಸ್ವಾರಸ್ಯವೇ ಬೇರೆ. ಸಾಮಾನ್ಯ ಚರ್ಮದ ಡೋಲನ್ನು ಬಡಿದರೆ ಬರುವುದು ಸದ್ದು, ಸ್ವರವಲ್ಲ. ಅದರ ಮೂಲ ಕಂಪನಕ್ಕೂ ಮೇಲಿನ ಕಂಪನಗಳಿಗೂ ಒಂದು, ಎರಡು, ಮೂರು ಎಂಬ ಸರಳ ಪ್ರಮಾಣವಿರುವುದಿಲ್ಲ. ತಬಲಾ ಮೃದಂಗಗಳಲ್ಲಿ ನಡುವೆ ಮೆತ್ತಿದ ಕಪ್ಪು ಕರಣೆಯ ಭಾರದಿಂದ ಆ ಪ್ರಮಾಣ ಬಂದು, ಚರ್ಮವು ತಂತಿಯಂತೆ ನುಡಿಯುತ್ತದೆ. ಇದನ್ನು ಪ್ರಯೋಗಗಳಿಂದ ತೋರಿಸಿದವರು ಸರ್ ಸಿ. ವಿ. ರಾಮನ್. 1920ರಲ್ಲೇ ಈ ಕುರಿತು ಅವರ ಲೇಖನ ಬಂದಿತ್ತು. ಸರಕಾರಿ ನೌಕರರಾದ ನಮ್ಮಂಥವರಿಗೆ ಒಂದು ಸಂತೋಷದ ಮಾತೆಂದರೆ, 1907ರಿಂದ 1917ರವರೆಗೆ ರಾಮನ್ನರೂ ಕೇಂದ್ರ ಸರಕಾರದ ಹಣಕಾಸು ಇಲಾಖೆಯಲ್ಲಿದ್ದವರೇ. ಕಚೇರಿಗೆ ಮುಂಚೆ ಮತ್ತು ಕಚೇರಿ ಬಿಟ್ಟ ಮೇಲೆ ಕಲಕತ್ತೆಯ ಪ್ರಯೋಗಶಾಲೆಯಲ್ಲಿ ಕೂಡುತ್ತಿದ್ದರು. ಇರಲಿ. ನಮಗೆ ಬೇಕಾದ ಅರ್ಥ ಇಷ್ಟು: ಕರಣೆ ಉದುರಿದ ತಬಲಾ ತಬಲಾ ಅಲ್ಲ, ಬರಿಯ ಡೋಲು. ಅದಕ್ಕೆ ಆಗಾಗ ಹೊಸ ಚರ್ಮ, ಹೊಸ ಕರಣೆ ಹಾಕಿಸಬೇಕು. ಅದೇ ಅದರ ಊಟ.

ತಂಬೂರಿಗಾಗಿ ದೂರ ಹೋಗಬೇಕಾಗಿಲ್ಲ. ಒಣಗಿದ ಸೋರೆಬುರುಡೆಯಿಂದ ಸಿತಾರ್ ಮತ್ತು ತಂಬೂರಿ ಕಟ್ಟುವ ಮನೆತನಗಳು ಮಿರಜಿನಲ್ಲಿ ತಲೆಮಾರುಗಳಿಂದ ಇವೆ. 2024ರಲ್ಲಿ ಮಿರಜಿನ ಈ ವಾದ್ಯಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಕುದುರೆಯ ಮೇಲ್ಮೈಯನ್ನು ಹದವಾಗಿ ಉಜ್ಜಿ, ತಂತಿಯ ಕೆಳಗೆ ನೂಲಿಟ್ಟು ಜವಾರಿ ತೆಗೆಯುವ ಕೆಲಸ ಬಲ್ಲವರು ಕಡಿಮೆ. ಮಿರಜಿನಲ್ಲೇ ನೆಲೆಸಿದ್ದ ಅಬ್ದುಲ್ ಕರೀಮ್ ಖಾನರಿಗೆ, ಅಂದರೆ ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರುಗಳಿಗೆ, ಹಾಡಿನಷ್ಟೇ ವಾದ್ಯದ ರಿಪೇರಿಯಲ್ಲೂ ಕೈ ಪಳಗಿತ್ತು. ದೊಡ್ಡವರು ಉಳಿಯನ್ನೂ ಅರವನ್ನೂ ಹಿಡಿಯಲು ನಾಚಲಿಲ್ಲ.

ಕೊಟ್ಟ ಮೇಲೆ

ಈ ಚರಿತ್ರೆಯನ್ನೆಲ್ಲ ಓದಿದ ಮೇಲೆ ನನಗೆ ನಮ್ಮ ತಪ್ಪು ಎಲ್ಲಿದೆಯೆಂದು ತಿಳಿಯಿತು. ತಪ್ಪು ಶಾಲೆಯದಲ್ಲ. ಡೆಡ್‌ಸ್ಟಾಕ್ ರಿಜಿಸ್ಟರಿನಲ್ಲಿ ನಮೂದಾದ ವಸ್ತು ಮುರಿದರೆ ಅದಕ್ಕೆ ಯಾರಾದರೂ ಜವಾಬು ಬರೆಯಬೇಕು. ಜವಾಬು ಬರೆಯುವ ಕಷ್ಟ ಏನೆಂದು ಇಪ್ಪತ್ತು ವರ್ಷ ಫೈಲುಗಳ ನಡುವೆ ಕಳೆದ ನನಗಿಂತ ಚೆನ್ನಾಗಿ ಯಾರು ಬಲ್ಲರು? ಮಾಸ್ತರರು ಬೀಗ ಹಾಕಿದ್ದು ಸೋಮಾರಿತನದಿಂದಲ್ಲ, ಹೆದರಿಕೆಯಿಂದ. ವಾದ್ಯ ಕೊಟ್ಟ ನಾವು ಅದರ ಹೊರೆಯನ್ನೂ ಅವರ ತಲೆಗೆ ಕಟ್ಟಿ ಬಂದಿದ್ದೆವು. ಕಲಿಸುವವರನ್ನು ಕೊಡಲಿಲ್ಲ, ರಿಪೇರಿಗೆ ದುಡ್ಡನ್ನೂ ಕೊಡಲಿಲ್ಲ. ಫೋಟೋ ತೆಗೆಸಿಕೊಂಡು ಮನೆಗೆ ಬಂದೆವು. ಆ ಫೋಟೋದಲ್ಲಿ ಎರಡನೆಯ ಸಾಲಿನಲ್ಲಿ ನಾನೂ ಇದ್ದೇನೆ.

ಹೀಗಾಗಿ ಕಳೆದ ದೀಪಾವಳಿಯ ನಂತರ ನಾವು ಮೂವರು ಸದಸ್ಯರು ಮತ್ತೆ ಶಾಲೆಗೆ ಹೋದೆವು. ನಾನು ಮಾಡಿದ ಕೆಲಸ ಒಂದು ಹಾಳೆಯ ಕಾಗದ ಬರೆದದ್ದು. ಮಕ್ಕಳ ಕೈಯಲ್ಲಿ ಈ ವಾದ್ಯಗಳು ಕೆಟ್ಟರೆ ಅಥವಾ ಮುರಿದರೆ ಅದರ ಖರ್ಚು ನಮ್ಮದು, ಯಾವ ಶಿಕ್ಷಕರ ಮೇಲೂ ಹೊಣೆಯಿಲ್ಲ ಎಂದು ಬರೆದು ಮೂವರೂ ಸಹಿ ಹಾಕಿದೆವು. ಮುಖ್ಯೋಪಾಧ್ಯಾಯಿನಿಯವರು ಅದನ್ನು ಎರಡು ಸಲ ಓದಿದರು. ಆಮೇಲೆ ಮೇಜಿನ ಖಾನೆಯಿಂದ ಕೀಲಿಕೈ ತೆಗೆದು, "ಮೊದಲೇ ಈ ಕಾಗದ ಕೊಟ್ಟಿದ್ದರೆ ಎರಡು ವರ್ಷ ಉಳೀತಿತ್ತಲ್ಲ ಸರ್" ಎಂದರು. ನಾನು ಏನೂ ಹೇಳಲಿಲ್ಲ.

ಪೇಟಿಯ ತಿದಿ ಬದಲಾಯಿತು. ತಬಲಾಕ್ಕೆ ಹೊಸ ಚರ್ಮ ಬಂತು. ತಂಬೂರಿಯನ್ನು ಮಿರಜಿಗೆ ಹೋಗುವ ಸದಸ್ಯರೊಬ್ಬರು ರೈಲಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹೋಗಿ ಸರಿಮಾಡಿಸಿ ತಂದರು. ಈಗ ಶನಿವಾರ ಬೆಳಿಗ್ಗೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಪಾಠವಿದೆ. ಹನ್ನೊಂದು ಮಕ್ಕಳು ಬರುತ್ತಾರೆ. ಹೆಚ್ಚಿನವರು ಕಲಬುರಗಿ, ಯಾದಗಿರಿಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಹಾಡು ಇನ್ನೂ ಸರಳೆ ಅಲಂಕಾರಗಳನ್ನು ದಾಟಿಲ್ಲ. ಕಟ್ಟಡದ ಕೆಲಸ ಮುಗಿದರೆ ಅಪ್ಪ ಅಮ್ಮ ಬೇರೆ ಕಡೆಗೆ ಹೋಗುತ್ತಾರೆ, ಮಗುವೂ ಹೋಗುತ್ತದೆ. ಇಬ್ಬರು ಹೀಗೆ ಹೋಗಿಯೂ ಬಿಟ್ಟರು. ಈ ಶಾಲೆಯಿಂದ ರಾಜಗುರುಗಳು ಬರುತ್ತಾರೆಂದು ನಾನು ಹೇಳಲಾರೆ. ಪಂಚಾಕ್ಷರಿ ಗವಾಯಿಗಳ ಶಾಲೆಯೇ ಊರೂರು ಅಲೆದ ಶಾಲೆ ಎಂಬುದನ್ನು ನೆನೆದಾಗ ಮಾತ್ರ ಸ್ವಲ್ಪ ಧೈರ್ಯ ಬರುತ್ತದೆ.

ಒಂದು ಶನಿವಾರ ಆ ವೃದ್ಧೆಯನ್ನು ಕರೆದುಕೊಂಡು ಹೋದೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಪೇಟಿ ನುಡಿಸುತ್ತಿದ್ದಳು. ಮೇಲಿನ ಷಡ್ಜದ ಪಕ್ಕದ ಒಂದು ಮನೆ ಇನ್ನೂ ಕೀರಲು ದನಿ ಹೊರಡಿಸುತ್ತದೆ. ಅಜ್ಜಿ ಬೆಂಚಿನ ಮೇಲೆ ಕೂತು ಪೂರ್ತಿ ಕೇಳಿದರು. ಎದ್ದು ಬರುವಾಗ, "ಆ ಮನಿ ಮೊದಲಿಂದಲೂ ಹಂಗ ಐತ್ರೀ. ನಮ್ಮ ಮನಿಯವರೂ ಅದನ್ನ ತಪ್ಪಿಸೇ ನುಡಸ್ತಿದ್ರು" ಎಂದರು.

ಈ ಲೇಖನವನ್ನು ಓದುವ ಸದಸ್ಯರಲ್ಲಿ ನನ್ನ ಬಿನ್ನಹ ಇಷ್ಟೇ. ಮನೆಯ ಅಟ್ಟದಲ್ಲಿ ವಾದ್ಯವಿದ್ದವರು ಕೊಡಲಿ, ಸಂತೋಷ. ಆದರೆ ವಾದ್ಯವಿಲ್ಲದವರು ತಿಂಗಳಿಗೊಂದು ಶನಿವಾರ ಕೊಟ್ಟರೆ ಇನ್ನೂ ಹೆಚ್ಚಿನ ಸಂತೋಷ. ಹಾಡು ಬಲ್ಲವರು ಪಾಠಕ್ಕೆ ಬನ್ನಿ. ಹಾಡು ಬಾರದವರು ತಬಲಾದ ಬದ್ದಿ ಬಿಗಿಯಲು, ದೂಳು ಒರೆಸಲು ಬನ್ನಿ. ಅದೂ ಆಗದವರು ರಿಪೇರಿಯ ಡಬ್ಬಿಗೆ ಕೈಲಾದಷ್ಟು ಬಿಡಿ ನಾಣ್ಯ ಹಾಕಿ. ಡಬ್ಬಿಯನ್ನು ಸಂಘದ ವಾಚನಾಲಯದಲ್ಲಿ ಪತ್ರಿಕೆಗಳ ಮೇಜಿನ ಮೇಲೆ ಇಟ್ಟಿದೆ. ಲೆಕ್ಕವನ್ನು ತಿಂಗಳ ಕೊನೆಗೆ ಅಲ್ಲೇ ಗೋಡೆಗೆ ಅಂಟಿಸಲಾಗುವುದು.